ತಂಗಿಯ ಬೈಗುಳ ಹುಡುಕಿಕೊಂಡು ಮಂಡ್ಯದವರೆಗೆ

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೈಯುವವರು ಯಾರು? ನಾಚಿಕೆ ಪಡಬೇಡಿ, ಹೇಳಿ. ಮದ್ದೂರು ಕಡೆಯ ನಮ್ಮ ಕೊಪ್ಪದಲ್ಲಿ ಈ ಪ್ರಶ್ನೆ ಕೇಳಿದರೆ ಚಿಕ್ಕ ಮಕ್ಕಳೂ ನನ್ನ ಮನೆಯ ಕಡೆ ಕೈ ತೋರಿಸುತ್ತವೆ. ಹಾಲಿಗೆ ನೀರು ಬೆರೆಸಿದವರು ಡೈರಿಯ ಸಾಲಿನಲ್ಲಿ ನನ್ನನ್ನು ಕಂಡರೆ ಹಾಗೇ ಹಿಂದಕ್ಕೆ ಹೋಗಿ, ನಾನು ಮನೆ ಸೇರಿದ ಮೇಲೆ ಬರುತ್ತಾರೆ. ಅಂಥ ನನ್ನನ್ನು ಬಿಟ್ಟು, ಮಳವಳ್ಳಿ ಕಡೆಗೆ ಮದುವೆಯಾಗಿ ಹೋದ ನನ್ನ ತಂಗಿ ಚಿಕ್ಕತಾಯಿಯ ಬೈಗುಳ ಕಂಪ್ಯೂಟರಿನೊಳಗೆ ಸೇರಿದೆ ಎಂದು ತಿಳಿದ ದಿನ ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಈ ಪ್ರಯಾಣ ಹೊರಟಿದ್ದು ಆ ಕಾರಣಕ್ಕೆ.

ವಿಷಯ ಹೀಗಿದೆ. ನನ್ನ ಮಗಳ ಮಗಳು ರಚನಾ ಮಂಡ್ಯದ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಕಂಪ್ಯೂಟರಿಗೆ ಕೆಲಸ ಹೇಳಬೇಕಾದರೆ ಅದಕ್ಕೇ ಒಂದು ಭಾಷೆ ಇದೆಯಂತೆ, ಅದರಲ್ಲಿ ಬರೆಯಬೇಕಂತೆ. ಬರೆದದ್ದರಲ್ಲಿ ಒಂದು ಚುಕ್ಕಿ ತಪ್ಪಿದರೂ ಅದು ಇಂಗ್ಲಿಷಿನಲ್ಲಿ ಏನೋ ಗೊಣಗಿ ಕೂತುಬಿಡುತ್ತದೆ. ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳಿಗೆ ಆ ಗೊಣಗಾಟ ಅರ್ಥವಾಗುವುದಿಲ್ಲ. ಅದಕ್ಕೆ ಇವಳೂ ಇವಳ ಮೇಷ್ಟ್ರೂ ಸೇರಿ ಕನ್ನಡದಲ್ಲೇ ಬರೆಯುವಂಥ ಒಂದು ಭಾಷೆ ಕಟ್ಟಿದ್ದಾರೆ. ತಪ್ಪಾದಾಗ ಅದು ನಮ್ಮ ಸೀಮೆಯ ಮಾತಿನಲ್ಲೇ ಹೇಳಿದರೆ ಮಕ್ಕಳು ಬೇಗ ತಿದ್ದಿಕೊಳ್ಳುತ್ತಾರಾ ಎನ್ನುವುದು ಇವಳ ಪರೀಕ್ಷೆ.

ನಾನು ಫೋನಿನಲ್ಲಿ ಟೈಪ್ ಮಾಡುವುದು ಕಲಿತು ನಾಲ್ಕು ತಿಂಗಳಾಯಿತು. ಓದುವುದೂ ರೂಢಿಯಾಗಿದೆ, ಕಷ್ಟ ಬಂದದ್ದು ಅದರಿಂದಲೇ. ಸೋಮವಾರ ಮನೆಯವರ ಗ್ರೂಪಿಗೆ ರಚನಾ ಒಂದು ಫೋಟೊ ಹಾಕಿದಳು. ಕಂಪ್ಯೂಟರಿನ ಪರದೆ, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ತಡ್ಕೆ ಮುಚ್ಚೋದ ಮರ್ತಿದ್ದೀಯ ಕಣವ್ವ’ ಎಂದಿತ್ತು. ತಡ್ಕೆ ಎಂದರೆ ಹೊಲದ ಬೇಲಿಗೆ ಕಟ್ಟುವ ಬಿದಿರಿನ ಬಾಗಿಲು. ಕೆಳಗೆ ‘ನಮ್ಮ ಚಿಕ್ಕಜ್ಜಿ ಮಾತು. ಶನಿವಾರ ಸಂಜೆಗೆ ಪಟ್ಟಿ ಮುಗಿಸಿ ಸ್ಕೂಲುಗಳಿಗೆ ಕಳಿಸ್ತೀವಿ’ ಎಂದು ಬರೆದು ಎಂಟು ಹೃದಯ ಒತ್ತಿದ್ದಳು. ನಾನು ಎಣಿಸಿದೆ, ಎಂಟು. ನನ್ನ ಹುಟ್ಟಿದ ಹಬ್ಬಕ್ಕೆ ಬಂದಿದ್ದು ಎರಡು.

ಶನಿವಾರ ಸಂಜೆಯೊಳಗೆ ನನ್ನ ಮಾತೂ ಆ ಪಟ್ಟಿಗೆ ಸೇರಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ಮಂಡ್ಯಕ್ಕೆ ನೆಟ್ಟಗೆ ಹೋಗಬಹುದಿತ್ತು. ಆದರೆ ಎದುರಾಳಿಯ ಸರಕು ನೋಡದೆ ಸಂತೆಗೆ ಹೋಗುವ ಹೆಂಗಸಲ್ಲ ನಾನು. ಮೊದಲು ಮಳವಳ್ಳಿ, ಆಮೇಲೆ ಮಂಡ್ಯ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಬಸ್ಸು ಹತ್ತಿದೆ. ಎಮ್ಮೆ ಕರು ಹಾಕಿ ಎರಡು ದಿನವಾಗಿತ್ತು, ರಚನಾಗೆ ಪ್ರಾಣವಾದ ಗಿಣ್ಣು ಕಾಯಿಸಿ ಸ್ಟೀಲ್ ಡಬ್ಬಿಗೆ ತುಂಬಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಕಂಡಕ್ಟರ್ ಕೇಳಿದ, “ಎಲ್ಲಿಗಜ್ಜಿ?”

“ಮಳವಳ್ಳಿಗೆ.”

“ಇದು ಮದ್ದೂರ್‌ಗಂಟ ಅಷ್ಟೇಯ.”

“ನಂಗೊತ್ತು ಕಣಪ್ಪ. ನೀ ಕೇಳಿದ್ದು ನಾನೆಲ್ಲಿಗೆ ಓಯ್ತೀನಿ ಅಂತ, ಬಸ್ಸು ಎಲ್ಲಿಗೆ ಓಯ್ತದೆ ಅಂತಲ್ವಲ್ಲ.”

ಹಿಂದಿನ ಸೀಟಿನವರು ನಕ್ಕರು. ಅವನೂ ನಗುತ್ತಾ ಟಿಕೆಟ್ ಹರಿದುಕೊಟ್ಟ. ಮುಕ್ಕಾಲು ಗಂಟೆಯಲ್ಲಿ ಮದ್ದೂರು. ದಾರಿಯುದ್ದಕ್ಕೂ ನಾಲೆಗೆ ನೀರು ಬಿಟ್ಟಿದ್ದರು. ಕೆಲವು ಗದ್ದೆಗಳಲ್ಲಿ ನಾಟಿ ಮುಗಿದಿತ್ತು, ಕೆಲವು ಇನ್ನೂ ಕೆಸರಾಗಿ ಹೊಳೆಯುತ್ತಿದ್ದವು. ಸೋನೆ ಒಂದು ಸಲ ಬಂತು, ಬಿಸಿಲು ಬಂತು, ಮತ್ತೆ ಸೋನೆ ಬಂತು.

ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ವಡೆ ತಿನ್ನಲಿಲ್ಲ, ಹೊಟ್ಟೆಕಿಚ್ಚೇ ತುಂಬಿರುವಾಗ ಎಣ್ಣೆ ತಿಂಡಿ ಒಳ್ಳೆಯದಲ್ಲ. ಕಲ್ಲು ಬೆಂಚಿನ ಮೇಲೆ ಕೂತು ನನ್ನ ಬೈಗುಳಗಳನ್ನು ಒಂದೊಂದಾಗಿ ಫೋನಿಗೆ ಹಾಕುತ್ತಾ ಹೋದೆ. ಇಪ್ಪತ್ತೆರಡಾದವು, ಎಲ್ಲ ಮರ್ಯಾದಸ್ಥರು ಕೇಳುವಂಥವೇ. ಪಕ್ಕದಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ಕತ್ತು ಉದ್ದ ಮಾಡಿ ಓದಿದಳು.

“ಸೊಸೇಗಾ ಅಕ್ಕಾ?”

“ಇಲ್ಲ ಕಣವ್ವ, ಕಾಲೇಜ್ಗೆ.”

“ಕಾಲೇಜ್ನಲ್ಲಿ ಇದ್ನೂ ಯೋಳ್ಕೊಡ್ತಾರಾ? ಸುಮ್ನೆ ಫೀಸು ದಂಡ. ನಮ್ಮತ್ತೆ ಬಿಟ್ಟಿ ಯೋಳ್ಕೊಡ್ತಿದ್ಲು.”

ಮಳವಳ್ಳಿಗೆ ಒಂದು ಗಂಟೆ. ಅಲ್ಲಿಂದ ತಂಗಿಯ ಊರಿಗೆ ಆಟೋ, ನಲವತ್ತು ರೂಪಾಯಿ. ಚಿಕ್ಕತಾಯಿ ಬಾಗಿಲಲ್ಲೇ ನಿಂತಿದ್ದಳು. ನನಗಿಂತ ಐದು ವರ್ಷ ಚಿಕ್ಕವಳು, ಅರವತ್ತಾರು. ಮಂಡಿ ನೋವಿಲ್ಲ, ಕನ್ನಡಕವಿಲ್ಲ. ಮನೆಗೆ ಹೊಸದಾಗಿ ಟೈಲ್ಸ್ ಹಾಕಿಸಿದ್ದಳು, ನನ್ನ ಮುಖ ಅದರಲ್ಲಿ ಕಾಣಿಸುತ್ತಿತ್ತು. ಆ ಮುಖ ಅಷ್ಟೇನೂ ಚೆನ್ನಾಗಿರಲಿಲ್ಲ.

“ಎಂಗದೆ ಅಕ್ಕ ಮನೆ?” ಎಂದಳು.

“ಮೆಟ್ಲು ಎತ್ತರ ಆಯ್ತು,” ಎಂದೆ.

ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಬಿಸಿ ಮುದ್ದೆಗೆ ಗುಂಡಿ ಮಾಡಿ ತುಪ್ಪ ಬಿಟ್ಟು, ಊಟ ಮುಗಿಯುವವರೆಗೂ ಎದುರಿಗೇ ಕೂತಿದ್ದಳು. “ಸಾರು ಎಂಗದೆ?” “ಉಪ್ಪು ಒಂಚೂರು ಮುಂದು.” ಇಷ್ಟು ಹೇಳಿ ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಅವಳು ಸಾರು ಬಡಿಸಿದಳು. ಗಿಣ್ಣಿನ ಡಬ್ಬಿಯನ್ನು ಅವಳ ಫ್ರಿಜ್ಜಿನಲ್ಲಿ ಇಡುವಾಗ, “ನಂಗೊಂಚೂರು?” ಎಂದು ಕೇಳಿದಳು. “ಇದು ಮಗೀಗೆ,” ಎಂದುಬಿಟ್ಟೆ.

ಮಧ್ಯಾಹ್ನ ಅವಳ ಗದ್ದೆಯಲ್ಲಿ ನಾಟಿ ಇತ್ತು. ಹದಿನಾಲ್ಕು ಹೆಂಗಸರು ಬಗ್ಗಿ ಪೈರು ಊರುತ್ತಾ ಹಿಂದಕ್ಕೆ ಸರಿಯುತ್ತಿದ್ದರು. ಚಿಕ್ಕತಾಯಿ ಬದುವಿನ ಮೇಲೆ ಕೊಡೆ ಹಿಡಿದು ಕೂತಳು. ಮೊದಲು ಅವಳೇ ಈ ಸಾಲಿನಲ್ಲಿ ಮುಂದಾಳಾಗಿದ್ದವಳು, ಈಗ ಕೂತು ನೋಡಿಕೊಳ್ಳುತ್ತಾಳೆ. ರಚನಾ ಹೋದ ವರ್ಷ ಬಂದು ಮೂರು ದಿನ ಇದೇ ಬದುವಿನಲ್ಲಿ ಫೋನ್ ಹಿಡಿದು ಇವಳ ಮಾತೆಲ್ಲ ರೆಕಾರ್ಡು ಮಾಡಿಕೊಂಡಳಂತೆ. ನಮ್ಮ ಮನೆಗೆ ಹಾಗೆ ಬರಲಿಲ್ಲ. ಅದು ನನ್ನ ಎದೆಯಲ್ಲಿ ಮುಳ್ಳಾಗಿತ್ತು.

“ಲೇ ಪದ್ಮಿ,” ಎಂದಳು ಚಿಕ್ಕತಾಯಿ, ಗಂಟಲು ಎತ್ತದೆ. “ನಿನ್ ಎಡಗೈ ಕಡೆ ಎಲ್ಡ್ನೇ ಸಾಲು. ಪೈರು ತೇಲ್ತಾ ಅದೆ. ಊರ್ಬುಟ್ಟು ಬಾ.”

ಸಾಲಿನಲ್ಲಿ ಒಂದೇ ಒಂದು ಕೈ ಹಿಂದಕ್ಕೆ ಹೋಗಿ ಪೈರು ಊರಿ ಬಂತು. ಯಾರೂ ತಲೆ ಎತ್ತಲಿಲ್ಲ.

“ಇದೂ ಒಂದ್ ಬೈಗ್ಳವೇನೇ?” ಎಂದೆ. “ಇದ್ಕೆ ಎಂಟು ಹೃದಯವಾ?”

“ನೀನೊಂದ್ಸಲ ಬೈ ನೋಡಮ.”

ಮೂಲೆಯಲ್ಲೊಬ್ಬಳು ಸಾಲು ಸೊಟ್ಟ ಮಾಡುತ್ತಿದ್ದಳು. ನಾನು ಎದ್ದು ನಿಂತು ಕೂಗಿದೆ, “ಯಾವಳೇ ಅವ್ಳು, ಕಣ್ಣ ಕೆರೇಗಾಕ್ಬುಟ್ಟು ಬಂದಿದ್ದೀಯಾ?”

ಹದಿನಾಲ್ಕು ಜನವೂ ನೆಟ್ಟಗಾದರು. ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. ಒಬ್ಬಳು ಎಲೆ ಅಡಿಕೆ ತೆಗೆದಳು. ಇನ್ನೊಬ್ಬಳು, “ಯಾರವ್ವ ಈ ಅಜ್ಜಿ, ಎಲೆಕ್ಸನ್ಗೆ ನಿಂತವ್ಳಾ?” ಎಂದಳು. ಕೆಲಸ ಮತ್ತೆ ಶುರುವಾಗಲು ಒಂದು ಗಳಿಗೆಯೇ ಹಿಡಿಯಿತು.

ಚಿಕ್ಕತಾಯಿ ಕೊಡೆಯೊಳಗೇ ನಗುತ್ತಿದ್ದಳು. “ನೋಡ್ದಾ? ಯಾರ್ಗೆ, ಎಲ್ಲಿ, ಏನ್ಮಾಡ್ಬೇಕು, ಮೂರೂ ಯೋಳ್ಬೇಕು ಕಣಕ್ಕ. ಇಲ್ದಿದ್ರೆ ಅದಿನಾಲ್ಕು ಸೊಂಟ ಏಳ್ತವೆ. ಎದ್ದ ಸೊಂಟ ಮತ್ತೆ ಬಗ್ಗೋದು ಸುಲ್ಬವಾ?”

ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವನಿಗೆ ಕಾಯಿಲೆಯಾದಾಗ ದೊಡ್ಡ ಮಗಳೆಂದು ನನ್ನನ್ನು ಒಲೆಯ ಮುಂದೆ ಕೂರಿಸಿದರು. ಇವಳು ಹೆಂಗಸರ ಜೊತೆ ಗದ್ದೆಗೆ ಹೋದಳು. ಬುತ್ತಿ ಹೊತ್ತು ನಾನು ಬದುವಿಗೆ ಬಂದಾಗ ಅವರೆಲ್ಲ ಯಾವುದೋ ಮಾತಿಗೆ ನಗುತ್ತಿರುತ್ತಿದ್ದರು, ನಾನು ಬಂದೊಡನೆ ನಗು ನಿಲ್ಲುತ್ತಿತ್ತು. ಏನದು ಎಂದು ಕೇಳಿದರೆ “ನಿಂಗ್ ಗೊತ್ತಾಗಲ್ಲ ಬುಡಕ್ಕ” ಎನ್ನುತ್ತಿದ್ದಳು ಇವಳು. ಹೊಗೆಯ ಮುಂದೆ ಒಬ್ಬಳೇ ಕೂತು ನಾನು ಕಲಿತ ಬೈಗುಳಕ್ಕೆ ಯಾರ ಹೆಸರೂ ಇರಲಿಲ್ಲ, ಯಾವ ಸಾಲೂ ಇರಲಿಲ್ಲ. ಮನೆಯಲ್ಲಿ ಯಾರ ಕಿವಿಗೆ ಬಿತ್ತೋ ಅವರಿಗೆ ಅಂಟುತ್ತಿತ್ತು. ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. “ಆ ಮೂಲೆ ಸಾಲು ಇನ್ನೂ ಸೊಟ್ಟವೇ,” ಎಂದು ಹೇಳಿ ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ, “ನಾನೂ ಬತ್ತೀನಿ,” ಎಂದು ಅವಳೂ ಸೀರೆ ಉಟ್ಟು ನಿಂತಳು. ಬೇಡ ಎನ್ನಲು ಕಾರಣ ಸಿಗಲಿಲ್ಲ. ಮಳವಳ್ಳಿಯಿಂದ ಮಂಡ್ಯಕ್ಕೆ ಒಂದೂಕಾಲು ಗಂಟೆ. ಕಿಟಕಿ ಪಕ್ಕ ಯಾರು ಕೂರಬೇಕು ಎಂದು ಹತ್ತುವ ಮೊದಲೇ ಜಗಳವಾಯಿತು. ನಾನು ದೊಡ್ಡವಳೆಂದು ಗೆದ್ದೆ. ಆಮೇಲೆ ಸೋನೆ ಒಳಕ್ಕೆ ಹೊಡೆದು ನನ್ನ ಎಡ ತೋಳು ಪೂರ್ತಿ ನೆನೆಯಿತು. ಅವಳು ನೆನೆಯದ ಸೀರೆಯಲ್ಲಿ ಕೂತು ನನ್ನ ಕಡೆ ನೋಡಿ ನೋಡಿ ತುಟಿ ಕಚ್ಚುತ್ತಿದ್ದಳು.

ಮಂಡ್ಯದಲ್ಲಿ ಇಳಿದು ಕಾಲೇಜಿಗೆ ಆಟೋ ಹಿಡಿದೆವು. ನೂರು ಎಂದ, ಎಂಬತ್ತಕ್ಕೆ ಬಂದ. ರಚನಾ ಗೇಟಿಗೇ ಓಡಿ ಬಂದಳು. ನನ್ನನ್ನು ತಬ್ಬಿದಳು, ಆದರೆ ಮೊದಲು ತಬ್ಬಿದ್ದು ಅವಳ ಚಿಕ್ಕಜ್ಜಿಯನ್ನು. ಎರಡನೇ ಮಹಡಿಯಲ್ಲಿ ಒಂದು ಉದ್ದ ಕೋಣೆ, ಹತ್ತು ಹನ್ನೆರಡು ಕಂಪ್ಯೂಟರು, ಕಾಫಿ ಕಲೆಯಾದ ಮೇಜು. ಗೋಡೆಯ ಬೋರ್ಡಿನ ಮೇಲೆ ಬಾಣ, ಚೌಕ, ಮರದ ಕೊಂಬೆಯಂಥ ಚಿತ್ರ. ರಚನಾಳ ಮೇಷ್ಟ್ರು ಬಿಳಿ ಗಡ್ಡದವರು, ಎದ್ದು ನಿಂತು ಕೈ ಮುಗಿದರು. “ಬನ್ನಿ ಅಮ್ಮ. ಮಳವಳ್ಳಿಯವರು ಯಾರು?” ಎಂದು ಕೇಳಿದರು. ಕೊಪ್ಪದವರು ಯಾರು ಎಂದು ಕೇಳಲಿಲ್ಲ.

ಗಿಣ್ಣಿನ ಡಬ್ಬಿ ತೆಗೆದೆ. ರಚನಾ ಮೊದಲ ತುಂಡನ್ನು ಚಿಕ್ಕಜ್ಜಿಯ ಕೈಗೆ ಕೊಟ್ಟಳು. ಚಿಕ್ಕತಾಯಿ ನನ್ನನ್ನೇ ನೋಡುತ್ತಾ ನಿಧಾನವಾಗಿ ತಿಂದಳು.

ನಾನು ಇನ್ನು ತಡೆಯಲಿಲ್ಲ. “ರಚ್ಚು, ಇವತ್ ಸಂಜೆ ಪಟ್ಟಿ ಮುಗೀತದೆ ಅಂದ್ಯಲ್ಲ, ನಂದು ಇಪ್ಪತ್ತೆರಡು ಅವೆ, ಸೇರ್ಸು,” ಎಂದು ಫೋನು ಮುಂದೆ ಹಿಡಿದೆ.

ಅವಳು ಫೋನು ತೆಗೆದುಕೊಳ್ಳಲಿಲ್ಲ. ಮೇಷ್ಟ್ರ ಮುಖ ನೋಡಿದಳು. “ಅಜ್ಜಿ, ಇಲ್ಲಿ ಕೂತ್ಕೊ. ಒಂದು ಸಣ್ಣ ಲೆಕ್ಕ ಬರಿ,” ಎಂದು ಕುರ್ಚಿ ಎಳೆದಳು.

ಆರು ಸಾಲಿನ ಲೆಕ್ಕ. ಮನೆಯಲ್ಲಿ ಐದು ಜನ, ಒಬ್ಬೊಬ್ಬರಿಗೆ ಎರಡು ಮುದ್ದೆ, ಒಟ್ಟು ಎಷ್ಟು ತೋರಿಸು. ಅವಳು ಹೇಳಿಕೊಟ್ಟಳು, ನಾನು ಒಂದೇ ಬೆರಳಿನಲ್ಲಿ ಬರೆದೆ. ಕಾಲು ಗಂಟೆಯಾಯಿತು. ಬರೆದು ಮುಗಿಸಿ ಒತ್ತಿದೆ. ಕೆಂಪು ಅಕ್ಷರ ಬಂತು:

‘ಕಣ್ಣ ಕೆರೇಗಾಕ್ಬುಟ್ಟು ಬಂದಿದ್ದೀಯಾ?’

ನನ್ನ ಎದೆ ಅರಳಿತು. “ಇದು ನಂದೇ ಕಣೇ!” ಎಂದು ತಂಗಿಯ ಕಡೆ ತಿರುಗಿದೆ.

“ನಿಂದೇ,” ಎಂದಳು ರಚನಾ. “ಮೊದ್ಲು ಹಾಕಿದ್ದೇ ನಿಂದು. ರೆಕಾರ್ಡು ಯಾಕ್ ಬೇಕಿತ್ತು ಅಜ್ಜಿ, ನಂಗೆಲ್ಲ ಬಾಯಿಪಾಠ. ಈಗ ತಪ್ಪು ತಿದ್ದು.”

ಎದೆಯ ಮುಳ್ಳು ಹೋಯಿತು. ತಿದ್ದಲು ಕೂತೆ. ಎಲ್ಲಿ ತಪ್ಪಿದೆ ಎಂದು ಗೊತ್ತಾಗಲಿಲ್ಲ. ಕೊನೆಯ ಸಾಲು ಅಳಿಸಿ ಮತ್ತೆ ಬರೆದು ಒತ್ತಿದೆ. ‘ನೀ ಮಾಡ್ದ ಕೆಲ್ಸ ನಾಯ್ಗೂ ಬ್ಯಾಡ.’ ಮೊದಲ ಸಾಲು ತಿದ್ದಿ ಒತ್ತಿದೆ. ‘ಎಷ್ಟ್ ಸಲ ಯೋಳ್ಬೇಕು ನಿಂಗೆ?’ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಒತ್ತಿದೆ. ‘ನಿನ್ ಕೈಲಾಗಲ್ಲ, ಎದ್ದೋಗು.’

ನಾನು ಎದ್ದುಬಿಟ್ಟೆ. ಕುರ್ಚಿ ಹಿಂದಕ್ಕೆ ಬಿತ್ತು. “ಏನಿದು, ವಯಸ್ಸಾದೋರ್ಗೆ ಇಂಗೆಲ್ಲಾ ಅನ್ನದಾ!” ಎಂದೆ.

ಯಾರೂ ನಗಲಿಲ್ಲ. ರಚನಾ ಕುರ್ಚಿ ಎತ್ತಿ ನಿಲ್ಲಿಸಿದಳು. “ನಿನ್ ಮಾತು ಹಾಕಿದ್ದಾಗ ಮಕ್ಕಳೂ ಅಲ್ಲೇ ಎದ್ರು ಅಜ್ಜಿ,” ಎಂದಳು ಮೆಲ್ಲಗೆ. “ಮೊದಲ್ನೇ ಸಲ ನಗ್ತಾರೆ. ನಾಲ್ಕನೇ ಸಲಕ್ಕೆ ಎದ್ದು ಹೋಗ್ತಾರೆ. ಚಿಕ್ಕೋಳಿದ್ದಾಗ ನಿಮ್ಮನೇಲಿ ಮಗ್ಗಿ ಒಪ್ಪಿಸ್ವಾಗ ನಾನೂ ಅಲ್ಲೇ ಏಳ್ತಿದ್ದೆ.”

ಮಗ್ಗಿ ಒಪ್ಪಿಸುವಾಗ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಎಮ್ಮೆ ಕರು ನೋಡಲು ಹೋಗುತ್ತಾಳೆ ಎಂದುಕೊಂಡಿದ್ದೆ.

ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. “ಆವರಣ ಚಿಹ್ನೆ ಅಂತ ಇದೆಯಲ್ಲ ಅಮ್ಮ, ಈ ಕಡೆ ಬಾಗಿದ್ದು, ಆ ಕಡೆ ಬಾಗಿದ್ದು. ಒಂದು ತೆರೆದರೆ ಒಂದು ಮುಚ್ಚಬೇಕು. ನೀವು ಎರಡನೇ ಸಾಲಿನಲ್ಲಿ ತೆರೆದಿರಿ, ಮುಚ್ಚಲಿಲ್ಲ. ಯಂತ್ರ ಅದನ್ನು ಹುಡುಕಿಕೊಂಡು ಕೊನೆಯ ಸಾಲಿನವರೆಗೂ ಬರುತ್ತದೆ. ಅಲ್ಲಿಗೆ ಬಂದ ಮೇಲೆಯೇ ತಪ್ಪು ಗೊತ್ತಾಗುವುದು. ಹಾಗಾಗಿ ಬೇರೆ ಎಷ್ಟೋ ಕಂಪ್ಯೂಟರ್ ಭಾಷೆಗಳಲ್ಲಿ ಅದು ಕೊನೆಯ ಸಾಲಿಗೇ ಬೈಯುತ್ತದೆ. ತೆರೆದದ್ದು ಎಲ್ಲಿ ಎಂದು ಅದು ನೆನಪಿಟ್ಟುಕೊಂಡು ಹೇಳುವ ಹಾಗೆ ಮಾಡಲು ನಮ್ಮ ರಚನಾಗೆ ಎರಡು ವರ್ಷ ಹಿಡಿಯಿತು.”

“ಅದೇಯ,” ಎಂದಳು ಚಿಕ್ಕತಾಯಿ. “ತಡ್ಕೆ ತಗ್ದಿರೋದು ಬೆಳಿಗ್ಗೆ, ಎಮ್ಮೆ ಕಬ್ಬಿಗ್ ನುಗ್ಗೋದು ಸಂಜೆ. ಸಂಜೆ ಸಿಕ್ಕೋಳ್ಗೆ ಬೈದ್ರೆ ಏನ್ ಬಂತು?”

ರಚನಾ ನನ್ನ ಮಾತುಗಳನ್ನು ತೆಗೆದು ಚಿಕ್ಕಜ್ಜಿಯ ಪಟ್ಟಿ ಹಾಕಿ ಮತ್ತೆ ಒತ್ತಲು ಹೇಳಿದಳು. ಒತ್ತಿದೆ. ‘ಎಲ್ಡ್ನೇ ಸಾಲ್ಗೋಗು. ತಡ್ಕೆ ತಗ್ದು ಮುಚ್ಚೋದ ಮರ್ತಿದ್ದೀಯ ಕಣವ್ವ. ಮುಚ್ಬುಟ್ಟು ಬಾ.’

ಹೋಗಿ ಮುಚ್ಚಿ ಬಂದೆ. ಎರಡನೇ ಸಾಲು, ಒಂದು ಬಾಗಿದ ಗೆರೆ, ಅಷ್ಟೇ. ಚಿಕ್ಕತಾಯಿ ಬದುವಿನ ಮೇಲೆ ಕೂತು ನನ್ನ ಕೈಯನ್ನೇ ನೋಡಿ ಹೇಳಿದ ಹಾಗಿತ್ತು. ಹೊಟ್ಟೆ ಇನ್ನೂ ಉರಿಯುತ್ತಿತ್ತು. ಈಗ ಅದು ಸುಳ್ಳು ಉರಿಯಲ್ಲ, ಅವಳ ಮಾತು ನಿಜವಾಗಿಯೂ ನನ್ನದಕ್ಕಿಂತ ಚೆನ್ನಾಗಿದೆ ಎಂದು ಕಣ್ಣಾರೆ ಕಂಡ ಉರಿ.

ಪರದೆಯ ಮೇಲೆ ‘೧೦’ ಎಂದು ಬಂತು. ಹತ್ತು ಮುದ್ದೆ. ಅದರ ಕೆಳಗೆ ಏನೂ ಇಲ್ಲ. ಖಾಲಿ.

“ಸರಿ ಮಾಡಿದ್ರೆ ಏನೂ ಅನ್ನಲ್ವಾ ಇದು?” ಎಂದು ಕೇಳಿದೆ.

“ಸರಿಯಿದ್ರೆ ಸುಮ್ನಿರೋದು ಅಜ್ಜಿ. ಮೊದ್ಲಿಂದ್ಲೂ ಹಂಗೆ.”

“ಮಕ್ಕಳು ಅದಕ್ಕೇ ಎರಡೆರಡು ಸಲ ಒತ್ತುತ್ತಾರೆ,” ಎಂದರು ಮೇಷ್ಟ್ರು. “ಸರಿಯಾಯಿತೋ ಇಲ್ಲವೋ ಅಂತ ಅನುಮಾನ. ಅಲ್ಲೊಂದು ಮಾತು ಬೇಕು. ನಿಮ್ಮ ತಂಗಿಯವರ ರೆಕಾರ್ಡಿನಲ್ಲಿ ಅಂಥದ್ದು ಸಿಗಲಿಲ್ಲ.”

“ಸಾಲು ನೆಟ್ಟಗಿದ್ರೆ ಮುಂದಿನ್ ಸಾಲ್ಗೋಗದಪ್ಪ,” ಎಂದಳು ಚಿಕ್ಕತಾಯಿ. “ಅಲ್ಲಿ ನಿಂತ್ಕಂಡ್ ಮಾತಾಡಕ್ಕೆ ಪುರ್ಸೊತ್ತು ಎಲ್ಲಿ ಅದೆ?”

ನಾನು ಆ ಹತ್ತನ್ನೇ ನೋಡುತ್ತಿದ್ದೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಂಪ್ಯೂಟರಿಗೆ ಮುದ್ದೆ ಎಣಿಸಲು ಕಲಿಸಿದ್ದೆ. ಯಾರಿಗೆ ಹೇಳಿದೆನೋ, ನನಗೋ ಅದಕ್ಕೋ, ಬಾಯಿಂದ ಜಾರಿತು. “ಊಂ. ಪರ್ವಾಗಿಲ್ಲ ಬುಡು.”

ರಚನಾ ಕಣ್ಣರಳಿಸಿ ನನ್ನನ್ನು ನೋಡಿದಳು. “ಸಾರ್, ಇದೇ,” ಎಂದಳು. ಆಮೇಲೆ ನನಗೆ, “ಅಜ್ಜಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ನೀನು ಹೇಳಿದ್ದು ಇದನ್ನೇ. ಒಂದೇ ಸಲ ಹೇಳಿದ್ದೆ. ಹಾಸ್ಟೆಲಲ್ಲಿ ಅದನ್ನ ನೆನೆಸ್ಕೊಂಡೇ ಓದ್ತಿದ್ದೆ ನಾನು. ಹೆಂಗೆ ಮರೆತೋಯ್ತೋ!” ಎಂದಳು. ಅದನ್ನು ನನ್ನ ಎದುರಿಗೇ ಪಟ್ಟಿಗೆ ಬರೆದಳು. ಲೆಕ್ಕ ಮತ್ತೆ ಒತ್ತಿಸಿದಳು. ಹತ್ತು ಬಂತು, ಅದರ ಕೆಳಗೆ ಹಸಿರು ಅಕ್ಷರದಲ್ಲಿ ‘ಊಂ. ಪರ್ವಾಗಿಲ್ಲ ಬುಡು’ ಬಂತು. ಚಿಕ್ಕತಾಯಿಯದು ಕೆಂಪು. ನನ್ನದು ಹಸಿರು. ಗಂಟೆ ನಾಲ್ಕೂ ಹತ್ತು. ಸಂಜೆಗೆ ಮುಂಚೆಯೇ ಸೇರಿತು.

ನನ್ನ ಇಪ್ಪತ್ತೆರಡನ್ನು ಕಾಲೇಜಿನ ಮೆಟ್ಟಿಲ ಮೇಲೇ ಕೂತು ಅಳಿಸಿದೆ. ಎರಡನ್ನು ಉಳಿಸಿಕೊಂಡೆ, ಡೈರಿಗೆ ಬೇಕಾಗುತ್ತವೆ.

ಮಂಡ್ಯದ ನಿಲ್ದಾಣದಲ್ಲಿ ಅವಳಿಗೆ ಮಳವಳ್ಳಿ ಬಸ್ಸು, ನನಗೆ ಮದ್ದೂರಿನದು. ಸೋನೆ ನಿಂತು ಹಳದಿ ಬಿಸಿಲು ಬಿದ್ದಿತ್ತು. ನನ್ನ ಬಸ್ಸೇ ಮೊದಲು ಬಂತು. ಕಿಟಕಿ ಪಕ್ಕ ಕೂತೆ, ಈ ಸಲ ಜಗಳವಿಲ್ಲದೆ. ಚಿಕ್ಕತಾಯಿ ಕೆಳಗೆ ನಿಂತು ಗಿಣ್ಣಿನ ಖಾಲಿ ಡಬ್ಬಿಯನ್ನು ಮೇಲಕ್ಕೆ ಚಾಚಿದಳು, ಕಾಲೇಜಿನ ನಲ್ಲಿಯಲ್ಲಿ ತೊಳೆದು ತಂದಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. ಕಿಟಕಿಯಿಂದ ಬಗ್ಗಿ ಹೇಳಿದೆ, “ನೋಡ್ದೇನೇ ಚಿಕ್ಕತಾಯಿ? ನೀ ಎಷ್ಟೇ ಸಾಲು ತಿದ್ದು. ಕೊನೇಲಿ ಬರೋ ಮಾತು ನಂದೇಯ.”

ಬಸ್ಸು ಗುರ್ ಎಂದಿತು. ಅವಳು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಿಟಕಿಯ ಕಂಬಿ ಹಿಡಿದು, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು ಬಂದಳು. ನಗುತ್ತಿರಲಿಲ್ಲ.

“ನಾನುಟ್ಟಿ ಅರವತ್ತಾರು ವರ್ಸ ಆಯ್ತು ಕಣಕ್ಕ,” ಎಂದಳು. “ಮನೆ ಕಟ್ದೆ, ಗದ್ದೆ ಮಾಡ್ದೆ, ನಿನ್ನೆ ಸಾರಿಗೂ ಕೇಳ್ದೆ. ಒಂದ್ ದಿನ ನಂಗೆ ಆ ಮಾತ ಅಂದಿದ್ದೀಯಾ? ಮುದ್ದೆ ಎಣ್ಸೋ ಡಬ್ಬಕ್ಕೆ ಅಂದ್ಬುಟ್ಟೆ!”